ಗಲ್ಫ್ ಕೆಲಸಕ್ಕೆ ಹೊರಡುವ ಮುನ್ನ: ಪಾಸ್‌ಪೋರ್ಟಿನಿಂದ ಪೌರತ್ವದವರೆಗೆ

ಭಾಲ್ಕಿ, ಔರಾದ್ ಹಾಗೂ ಬೀದರ್ ನಗರದಿಂದ ಗೌಂಡಿ ಕೆಲಸಕ್ಕೋ ಡ್ರೈವಿಂಗಿಗೋ ಕೊಲ್ಲಿ ರಾಷ್ಟ್ರಗಳಿಗೆ ಹೊರಡುವವರು ವೀಸಾ, ನಿವಾಸ ಪರವಾನಗಿ ಮತ್ತು ಪೌರತ್ವ ಎಂಬ ಮೂರೂ ಬೇರೆ ಬೇರೆ ಎಂಬುದನ್ನು ಮೊದಲೇ ತಿಳಿದಿರಬೇಕು. ವೀಸಾ ಎಂದರೆ ದೇಶದೊಳಗೆ ಕಾಲಿಡಲು ದೊರೆಯುವ ಅನುಮತಿ. ಸೌದಿ ಅರೇಬಿಯಾದಲ್ಲಿ ಇಕಾಮಾ ಎನ್ನಲಾಗುವ ನಿವಾಸ ಪರವಾನಗಿಯು ಅಲ್ಲಿದ್ದು ದುಡಿಯಲು ಬೇಕಾದ ಗುರುತು ಪತ್ರ. ಪೌರತ್ವವನ್ನಂತೂ ಈ ದೇಶಗಳು ವಿದೇಶಿ ಕಾರ್ಮಿಕರಿಗೆ ಕೊಡುವುದು ತೀರಾ ಅಪರೂಪ.

ಮೊದಲ ಹೆಜ್ಜೆ ಪಾಸ್‌ಪೋರ್ಟ್. ಕನ್ನಡ, ಮರಾಠಿ, ಉರ್ದು ಮಾಧ್ಯಮದ ಶಾಲೆಗಳು ಜೊತೆಜೊತೆಯಾಗಿರುವ ಈ ಗಡಿ ಜಿಲ್ಲೆಯಲ್ಲಿ ಒಂದೇ ಹೆಸರು ಟಿಸಿಯಲ್ಲಿ ಒಂದು ರೀತಿ, ಆಧಾರ್‌ನಲ್ಲಿ ಇನ್ನೊಂದು ರೀತಿ ಇರುವುದುಂಟು. ಆದುದರಿಂದ ಹೆಸರು, ತಂದೆಯ ಹೆಸರು ಮತ್ತು ಜನ್ಮ ದಿನಾಂಕಗಳನ್ನು ಎಲ್ಲ ದಾಖಲೆಗಳಲ್ಲಿಯೂ ಸರಿಪಡಿಸಿಕೊಂಡ ನಂತರವೇ ಪಾಸ್‌ಪೋರ್ಟ್ ಸೇವಾ ಜಾಲತಾಣದಲ್ಲಿ ಅರ್ಜಿ ಸಲ್ಲಿಸುವುದು ಕ್ಷೇಮ.

ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟಿನಲ್ಲಿ ಸಾಮಾನ್ಯವಾಗಿ ‘ಇಸಿಆರ್’, ಅಂದರೆ ವಲಸೆ ತಪಾಸಣೆ ಅಗತ್ಯ, ಎಂಬ ಮುದ್ರೆ ಬೀಳುತ್ತದೆ. ಇಂಥವರು ಸೌದಿ, ಯುಎಇ, ಕುವೈತ್, ಕತಾರ್, ಒಮಾನ್, ಬಹರೇನ್ ಸೇರಿದಂತೆ ಪಟ್ಟಿಯಲ್ಲಿರುವ 18 ದೇಶಗಳಿಗೆ ಉದ್ಯೋಗಕ್ಕಾಗಿ ಹೋಗಬೇಕಾದರೆ 1983ರ ವಲಸೆ ಕಾಯ್ದೆಯ ಪ್ರಕಾರ ವಲಸಿಗರ ಸಂರಕ್ಷಣಾಧಿಕಾರಿಯ ಅನುಮತಿ ಪಡೆಯಬೇಕು. ಈ ಅಧಿಕಾರಿಯ ಕಚೇರಿ ಬೆಂಗಳೂರಿನಲ್ಲಿಯೂ ಬೀದರಿಗೆ ಹತ್ತಿರವಾದ ಹೈದರಾಬಾದಿನಲ್ಲಿಯೂ ಇದೆ; ಅರ್ಜಿಯು ಇ-ಮೈಗ್ರೇಟ್ ಜಾಲತಾಣದ ಮೂಲಕ ಸಾಗುತ್ತದೆ. ಈ ಮುದ್ರೆಯನ್ನು ಅಡ್ಡಿಯೆಂದು ಭಾವಿಸುವವರೇ ಹೆಚ್ಚು, ಆದರೆ ವಸ್ತುತಃ ಅದು ಓದು ಕಡಿಮೆಯಿರುವ ಕಾರ್ಮಿಕನಿಗೆ ಸರ್ಕಾರ ಒದಗಿಸಿದ ರಕ್ಷಣೆ. ಏಕೆಂದರೆ ಅನುಮತಿ ನೀಡುವ ಮುನ್ನ ಮಾಲೀಕ ಯಾರು, ಸಂಬಳ ಎಷ್ಟು, ಕರಾರು ಏನು ಎಂಬುದೆಲ್ಲ ದಾಖಲಾಗುತ್ತದೆ. ಪ್ರವಾಸಿ ವೀಸಾಕ್ಕೆ ಈ ಅನುಮತಿ ಬೇಕಿಲ್ಲವೆಂಬುದನ್ನೇ ಬಳಸಿಕೊಂಡು, ‘ವಿಸಿಟ್ ವೀಸಾದ ಮೇಲೆ ಹೋಗು, ಅಲ್ಲಿ ಕೆಲಸದ ವೀಸಾ ಮಾಡಿಸಿಕೊಡುತ್ತೇವೆ’ ಎನ್ನುವ ದಲ್ಲಾಳಿಗಳಿದ್ದಾರೆ. ಹಾಗೆ ಹೋದವನ ಹೆಸರು ಇ-ಮೈಗ್ರೇಟ್ ದಾಖಲೆಯಲ್ಲಿ ಇರುವುದಿಲ್ಲ, ಕಡ್ಡಾಯ ವಿಮೆಯೂ ಇರುವುದಿಲ್ಲ, ಪ್ರವಾಸಿ ವೀಸಾದಲ್ಲಿ ದುಡಿಯುವುದು ಅಲ್ಲಿಯ ಕಾನೂನಿಗೆ ವಿರುದ್ಧವಾದ್ದರಿಂದ ಸಿಕ್ಕಿಬಿದ್ದರೆ ಶಿಕ್ಷೆ ಅವನಿಗೇ. ನರ್ಸ್‌ಗಳ ವಿಷಯದಲ್ಲಿ ನಿಯಮ ಇನ್ನೂ ಬಿಗಿಯಾಗಿದ್ದು, ಪಾಸ್‌ಪೋರ್ಟಿನಲ್ಲಿ ಮುದ್ರೆ ಇಲ್ಲದಿದ್ದರೂ ಈ ದೇಶಗಳಿಗೆ ಹೋಗುವಾಗ 2015ರಿಂದ ವಲಸೆ ಅನುಮತಿ ಕಡ್ಡಾಯವಾಗಿದೆ.

ಏಜೆಂಟರ ಬಗ್ಗೆ ಸ್ಪಷ್ಟವಾಗಿಯೇ ಹೇಳಬೇಕಾಗುತ್ತದೆ. ನೋಂದಾಯಿತ ನೇಮಕಾತಿ ಏಜೆಂಟರ ಪಟ್ಟಿ ಇ-ಮೈಗ್ರೇಟ್‌ನಲ್ಲಿ ಲಭ್ಯವಿದ್ದು, ಅವರು ಕಾರ್ಮಿಕನಿಂದ ಪಡೆಯಬಹುದಾದ ಸೇವಾ ಶುಲ್ಕ ಗರಿಷ್ಠ 30,000 ರೂಪಾಯಿ ಮತ್ತು ಅದರ ಮೇಲಿನ ಶೇ 18ರ ಜಿಎಸ್‌ಟಿ ಮಾತ್ರ. ಅದಕ್ಕೂ ರಸೀದಿ ಕೇಳಿ ಪಡೆಯಬೇಕು. ಊರಿನಲ್ಲಿ ಅವರ ಪರವಾಗಿ ಹಣ ಎತ್ತುವ ಉಪ ದಲ್ಲಾಳಿಗೆ ಕಾನೂನಿನಲ್ಲಿ ಸ್ಥಾನವೇ ಇಲ್ಲ. ಹೊಲ ಅಡವಿಟ್ಟು ಕೊಳ್ಳುವ ‘ಆಜಾದ್ ವೀಸಾ’ ಎಂಬುದೂ ಯಾವ ದೇಶದ ಕಾನೂನಿನಲ್ಲಿಯೂ ಇಲ್ಲ: ವೀಸಾ ಒಬ್ಬ ಕಫೀಲ್, ಅಂದರೆ ಪ್ರಾಯೋಜಕ ಮಾಲೀಕನ ಹೆಸರಿನಲ್ಲಿರುತ್ತದೆ, ಅವನನ್ನು ಬಿಟ್ಟು ಹೊರಗೆ ದುಡಿದವನು ಅಕ್ರಮ ಕಾರ್ಮಿಕನಾಗುತ್ತಾನೆ.

ವೀಸಾ ಪ್ರತಿ ಕೈಗೆ ಬಂದೊಡನೆ ಅದರಲ್ಲಿ ಉದ್ಯೋಗ ನಮೂದಾಗಿರುವ ಸಾಲನ್ನು ಓದಿಸಬೇಕು. ಎಲೆಕ್ಟ್ರಿಷಿಯನ್ ಎಂದು ಹೇಳಿ ಕಳುಹಿಸಿದವನ ವೀಸಾದಲ್ಲಿ ‘ಆಮಿಲ್’, ಅಂದರೆ ಕೂಲಿ, ಎಂದಿದ್ದರೆ ಅಲ್ಲಿ ಅವನ ಕಸುಬಿಗೆ ದಾಖಲೆಯ ಬೆಂಬಲ ಇರುವುದಿಲ್ಲ. ಬೀದರ್ ಭಾಗದಲ್ಲಿ ಉರ್ದು ಬಲ್ಲವರು ಬಹಳಷ್ಟು ಮಂದಿಯಿದ್ದು ಲಿಪಿಯನ್ನು ಓದಬಲ್ಲರಾದರೂ, ಅರ್ಥವನ್ನು ಅರಬ್ಬಿ ಬಲ್ಲವರಿಂದಲೇ ಖಚಿತಪಡಿಸಿಕೊಳ್ಳುವುದು ಮೇಲು. ಇಸಿಆರ್ ಮುದ್ರೆಯವರಿಗೆ ಕಡ್ಡಾಯವಾದ ಪ್ರವಾಸಿ ಭಾರತೀಯ ಬಿಮಾ ಯೋಜನೆಗೆ ಎರಡು ವರ್ಷಕ್ಕೆ 275, ಮೂರು ವರ್ಷಕ್ಕೆ 375 ರೂಪಾಯಿ ಕಂತು. ಅಪಘಾತದಲ್ಲಿ ಮರಣ ಅಥವಾ ಶಾಶ್ವತ ಅಂಗವೈಕಲ್ಯ ಸಂಭವಿಸಿದರೆ 10 ಲಕ್ಷ ರೂಪಾಯಿ ಪರಿಹಾರ. ಈ ಪಾಲಿಸಿಯ ಒಂದು ಪ್ರತಿ ಮನೆಯಲ್ಲಿಯೂ ಇರಬೇಕು.

ತಲುಪಿದ ಮೇಲೆ ಇಕಾಮಾ ಮಾಡಿಸುವುದು ಮಾಲೀಕನ ಹೊಣೆ. ಸೌದಿಯಲ್ಲಿ ಇದಕ್ಕೆ 90 ದಿನಗಳ ಗಡುವಿದೆ. ಕಾರ್ಮಿಕನ ಪಾಸ್‌ಪೋರ್ಟನ್ನು ಮಾಲೀಕ ತನ್ನ ಬಳಿ ಇಟ್ಟುಕೊಳ್ಳುವುದನ್ನು ಸೌದಿ, ಯುಎಇ ಮತ್ತು ಕತಾರ್ ಕಾನೂನುಗಳು ನಿಷೇಧಿಸಿವೆ. ಕುವೈತಿನಲ್ಲಿ 2025ರ ಜುಲೈ 1ರಿಂದ ಖಾಸಗಿ ವಲಯದ ವಿದೇಶಿ ಕಾರ್ಮಿಕರು ದೇಶದಿಂದ ಹೊರಡುವ ಮುನ್ನ ಮಾಲೀಕನ ಒಪ್ಪಿಗೆಯಿರುವ ನಿರ್ಗಮನ ಅನುಮತಿ ಪಡೆಯಬೇಕಾಗಿರುವುದರಿಂದ, ಊರಿನ ಮದುವೆ, ಜಾತ್ರೆಗೆ ಬರುವವರು ಮುಂಚಿತವಾಗಿಯೇ ಅರ್ಜಿ ಹಾಕಬೇಕು. ಸಂಬಳ ಬಾಕಿ ಉಳಿದರೆ ಮನೆಯವರು ಇಲ್ಲಿಂದಲೇ ವಿದೇಶಾಂಗ ಸಚಿವಾಲಯದ ‘ಮದದ್’ ಜಾಲತಾಣದಲ್ಲಿ ದೂರು ದಾಖಲಿಸಬಹುದು.

ಎಷ್ಟು ವರ್ಷ ದುಡಿದರೂ ಗಲ್ಫ್ ಕಾರ್ಮಿಕ ಭಾರತದ ಪೌರನಾಗಿಯೇ ಉಳಿಯುತ್ತಾನೆ, ನಮೂನೆ 6ಎ ಸಲ್ಲಿಸಿ ತನ್ನೂರಿನ ಮತದಾರರ ಪಟ್ಟಿಯಲ್ಲಿ ಹೆಸರನ್ನೂ ಸೇರಿಸಬಹುದು. ಅಲ್ಲಿ ಮಗು ಹುಟ್ಟಿದರೆ ಒಂದು ವರ್ಷದೊಳಗೆ ಭಾರತೀಯ ದೂತಾವಾಸದಲ್ಲಿ ಜನನ ನೋಂದಣಿ ಮಾಡಿಸಬೇಕು, ಇಲ್ಲವಾದರೆ ಮಗುವಿನ ಪೌರತ್ವಕ್ಕೆ ತೊಡಕಾಗುತ್ತದೆ. ಅಮೆರಿಕ, ಕೆನಡಾಗಳ ಪೌರತ್ವ ಪಡೆದವರ ಸ್ಥಿತಿ ಬೇರೆ: 1955ರ ಪೌರತ್ವ ಕಾಯ್ದೆಯ 9ನೇ ಕಲಮಿನಂತೆ ಅವರು ಭಾರತದ ಪೌರತ್ವ ಕಳೆದುಕೊಳ್ಳುತ್ತಾರೆ, ಅವರಿಗೆ ದೊರೆಯುವ ಓಸಿಐ ಕಾರ್ಡು ಜೀವಮಾನದ ವೀಸಾಕ್ಕೆ ಸಮನಾದುದೇ ಹೊರತು ಪೌರತ್ವವಲ್ಲ, ಅದರಿಂದ ಮತದಾನದ ಹಕ್ಕಾಗಲಿ ಕೃಷಿ ಭೂಮಿ ಕೊಳ್ಳುವ ಹಕ್ಕಾಗಲಿ ಬರುವುದಿಲ್ಲ.

ಏಜೆಂಟನ ಕೈಗೆ ಒಂದು ರೂಪಾಯಿ ಕೊಡುವ ಮುನ್ನ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರದ ಉಚಿತ ಸಹಾಯವಾಣಿ 1800 11 3090ಕ್ಕೆ ಕರೆ ಮಾಡಿ ಅವನ ನೋಂದಣಿಯನ್ನು ಓದುಗರು ದಯವಿಟ್ಟು ಪರಿಶೀಲಿಸಿಕೊಳ್ಳಬೇಕು.