ಇಪ್ಪತ್ತೆರಡಡಿ ದೋಣಿಯ ಒಡತಿಗೆ

ಗಂಗೊಳ್ಳಿ
ಏಪ್ರಿಲ್ ಮೊದಲ ವಾರ

ಪ್ರೀತಿಯ ಮಗಳೇ,

ನಿನ್ನ ದೋಣಿಯ ಫೋಟೊ ನಿನ್ನೆ ಬೆಳಗಿನ ಜಾವ ಬಂತಂತೆ. ಆರೂವರೆಗೆಲ್ಲ ನಿನ್ನಮ್ಮ ಫೋನು ಹಿಡಿದುಕೊಂಡು ನಮ್ಮ ಜಗುಲಿಯಲ್ಲಿ ಹಾಜರು. "ಭಾವ, ಅವಳ ಈ ಪಯಣವನ್ನು ನೀವೇ ಹೇಳಿ ನಿಲ್ಲಿಸಬೇಕು. ನಿಮ್ಮ ಮಾತಾದರೆ ಕೇಳ್ತಾಳೆ" ಅಂದಳು. ನಾನು ಚಾ ಕುಡಿಯುತ್ತ ಫೋಟೊ ದೊಡ್ಡದು ಮಾಡಿ ನೋಡಿದೆ. ಇಪ್ಪತ್ತೆರಡು ಅಡಿ, ಹಿಂದೆ ಔಟ್‌ಬೋರ್ಡ್ ಎಂಜಿನ್, ಮುಂದೆ ಇಬ್ಬರು ಕಾಲು ಮಡಚಿ ಮಲಗುವಷ್ಟು ಗೂಡು. ಹೆಚ್ಚುಕಡಿಮೆ ನಮ್ಮದೇ ಹಳೆಯ ದೋಣಿ. ಬಾಯಿಗೆ ಬಂದದ್ದು "ಚೆಂದ ಉಂಟು" ಅಂತ. ನಿನ್ನಮ್ಮ ಅರ್ಧ ಚಾ ಬಿಟ್ಟು ಎದ್ದು ಹೋದಳು.

ಹಾಗಾಗಿ ಈ ಪತ್ರ ನಿನ್ನನ್ನು ತಡೆಯಲು ಅಲ್ಲ. ತಡೆಯುವ ಯೋಗ್ಯತೆ ನನಗಿಲ್ಲ. 2009ರ ಬೇಸಿಗೆಯಲ್ಲಿ ನಾನೂ ನಿನ್ನ ದೊಡ್ಡಮ್ಮನೂ ನೀನು ಹೊರಟ ಇದೇ ದಾರಿಯಲ್ಲಿ, ಅಮೆರಿಕದ ಅನಕೋರ್ಟಿಸ್‌ನಿಂದ ಕೆನಡಾದ ಕರಾವಳಿ ಹಿಡಿದು ಮತ್ತೆ ಅಮೆರಿಕದ್ದೇ ಆದ ಕೆಚಿಕಾನ್ ತನಕ ಹೋಗಿ ಬಂದವರೇ ತಾನೆ. ಒಂದು ಕಡೆಗೇ ಸುಮಾರು 600 ನಾಟಿಕಲ್ ಮೈಲಿ, ಅಂದರೆ 1,100 ಕಿಲೋಮೀಟರು. ಕಾರವಾರದಿಂದ ಮಂಗಳೂರು ದಾಟುವ ತನಕದ ನಮ್ಮ ಇಡೀ ಕರಾವಳಿಯೇ 320 ಕಿಲೋಮೀಟರು ಎಂದು ನೆನಪಿಟ್ಟುಕೊಂಡರೆ ಅಳತೆ ಸಿಗುತ್ತದೆ.

ನಕ್ಷೆಯಲ್ಲಿ ಆ ದಾರಿ ನೋಡಿದವರಿಗೆ ಭಯವೇನೂ ಆಗುವುದಿಲ್ಲ. ಇನ್‌ಸೈಡ್ ಪ್ಯಾಸೇಜ್ ಎಂಬ ಹೆಸರೇ ಸಮಾಧಾನ ಹೇಳುವ ಹಾಗಿದೆ. ದ್ವೀಪಗಳ ಮರೆಯಲ್ಲಿ, ಕಾಲುವೆಯಂಥ ನೀರಿನಲ್ಲಿ, ಎರಡೂ ಕಡೆ ಕಾಡು ತುಂಬಿದ ಗುಡ್ಡಗಳ ನಡುವೆ ದಿನಗಟ್ಟಲೆ ಹೋಗಬಹುದು. ತೆರೆದ ಪೆಸಿಫಿಕ್ ಎದುರಾಗುವುದು ಎರಡು ಮೂರು ಕಡೆ ಮಾತ್ರ. ಜಾರ್ಜ್ ವ್ಯಾಂಕೂವರ್ 1792ರಲ್ಲಿ ಈ ಕರಾವಳಿಯ ಎಷ್ಟೋ ಭಾಗವನ್ನು ಅಳೆಸಿದ್ದು ದೊಡ್ಡ ಹಡಗಿನಿಂದಲ್ಲ, ಹುಟ್ಟು ಹಾಕುವ ಸಣ್ಣ ದೋಣಿಗಳಿಂದ. ಆಮೇಲೆ ಮುರಿಯಲ್ ವೈಲಿ ಬ್ಲಾಂಚೆಟ್ ಎಂಬ ವಿಧವೆ ತನ್ನ ಐವರು ಮಕ್ಕಳನ್ನು ಇಪ್ಪತ್ತೈದು ಅಡಿಯ 'ಕೆಪ್ರೀಸ್'ನಲ್ಲಿ ಹತ್ತಿಸಿಕೊಂಡು ವರ್ಷ ವರ್ಷ ಬೇಸಿಗೆ ಕಳೆದದ್ದೂ ಅಲ್ಲೇ. 1961ರಲ್ಲಿ ಬಂದ ಅವಳ 'ದ ಕರ್ವ್ ಆಫ್ ಟೈಮ್' ಪುಸ್ತಕವನ್ನು ಹುಡುಕಿ ಓದು. ಸಣ್ಣ ದೋಣಿಯೆಂದು ಯಾರಾದರೂ ಮೂಗು ಮುರಿದರೆ ಅವಳನ್ನು ನೆನೆಸಿಕೋ.

ಒಟ್ಟು ಒಂಬತ್ತು ದೋಣಿ, ಅದರಲ್ಲಿ ಎಲ್ಲಕ್ಕಿಂತ ಚಿಕ್ಕದು ನಿನ್ನದು ಅಂತ ಬರೆದಿದ್ದೀ. ಗುಂಪಿನಲ್ಲಿ ಹೋಗುವುದು ಒಳ್ಳೆಯದೇ ಮಾರಾಯ್ತಿ. ಎಂಜಿನ್ ಕೆಟ್ಟರೆ ಎಳೆದು ತರುವವರಿರುತ್ತಾರೆ. ಧೋ ಎಂದು ಮಳೆ ಹೊಯ್ಯುವ ಸಂಜೆ ಯಾರದೋ ದೊಡ್ಡ ದೋಣಿಯಲ್ಲಿ ಹೀಟರಿನ ಹತ್ತಿರ ಕೂರಬಹುದು. ನಮ್ಮ ಗುಂಪಿನಲ್ಲಿ ನಿವೃತ್ತ ಡೀಸೆಲ್ ಮೆಕ್ಯಾನಿಕ್ ಒಬ್ಬರಿದ್ದರು. ದೊಡ್ಡಮ್ಮ ಮಾಡಿದ ಸಾರಿಗೆ ಅವರು, ಅವರ ರಿಪೇರಿಗೆ ನಾವು. ಇಡೀ ಪಯಣ ಹಾಗೇ ಲೆಕ್ಕ ಚುಕ್ತಾ.

ನಾನು ಬರೆಯಲು ಕೂತದ್ದು ಗುಂಪು ಮಾಡುವ ಇನ್ನೊಂದು ಕೆಲಸದ ಬಗ್ಗೆ. ಅದು ನಮ್ಮ ಕಣ್ಣನ್ನು ನೀರಿನಿಂದ ತೆಗೆದು ಮುಂದಿನ ದೋಣಿಯ ಕಡೆ ತಿರುಗಿಸುತ್ತದೆ.

ನಿನ್ನ ಮುತ್ತಜ್ಜ ಪಂಚಗಂಗಾವಳಿಯ ಅಳಿವೆ ದಾಟುವ ಮೊದಲು ದೋಣಿ ನಿಲ್ಲಿಸಿ ಸುಮ್ಮನೆ ನೀರು ನೋಡುತ್ತಿದ್ದರಂತೆ. ಮುಂದೆ ಹೋದ ದೋಣಿಯನ್ನು ಅವರು ನೋಡುತ್ತಿರಲಿಲ್ಲ, ಅಲೆಯನ್ನು ನೋಡುತ್ತಿದ್ದರು. ಇಳಿತದ ನೀರು ಹೊಳೆಯಿಂದ ಹೊರಗೆ ನುಗ್ಗುವಾಗ ಮಧ್ಯಾಹ್ನದ ಕಡಲಗಾಳಿ ಎದುರಿನಿಂದ ಬೀಸಿದರೆ ಅಳಿವೆಯಲ್ಲಿ ಅಲೆ ಗೋಡೆಯ ಹಾಗೆ ಏಳುತ್ತದೆ. ಗಾಳಿ ಅಷ್ಟೇ ಇರುತ್ತದೆ, ನೀರು ಅಷ್ಟೇ ಇರುತ್ತದೆ, ಎದುರುಬದುರಾದಾಗ ಮಾತ್ರ ಎರಡಕ್ಕೂ ಹುಚ್ಚು ಹಿಡಿಯುತ್ತದೆ. ಜಾನ್‌ಸ್ಟನ್ ಜಲಸಂಧಿಯಲ್ಲಿ ನಿನಗೆ ಸಿಗುವುದೂ ಇದೇ ಜಗಳ, ಐವತ್ತಕ್ಕೂ ಹೆಚ್ಚು ಮೈಲಿ ಉದ್ದಕ್ಕೆ ಎಳೆದದ್ದು. ಬೇಸಿಗೆಯಲ್ಲಿ ಅಲ್ಲಿ ಮಧ್ಯಾಹ್ನದ ಮೇಲೆ ಪಶ್ಚಿಮದ ಗಾಳಿ ಜೋರಾಗುತ್ತದೆ. ಬೆಳಕು ಹರಿಯುತ್ತಲೇ ಹೊರಟು ಹನ್ನೊಂದರೊಳಗೆ ಲಂಗರು ಹಾಕಿಬಿಡು.

ಆ ಕಡೆಯ ಉಬ್ಬರ ಇಳಿತ ನಮ್ಮೂರಿನದಲ್ಲ. ಇಲ್ಲಿ ಆಳುದ್ದವೂ ಏರದ ನೀರು ಪ್ರಿನ್ಸ್ ರೂಪರ್ಟ್‌ನಲ್ಲಿ ಹುಣ್ಣಿಮೆ ಅಮಾವಾಸ್ಯೆಗೆ ಆರೇಳು ಮೀಟರು ಏರಿ ಇಳಿಯುತ್ತದೆ. ಇಳಿತದಲ್ಲಿ ಐದು ಮೀಟರು ನೀರು ನೋಡಿ ಹಗ್ಗ ಬಿಟ್ಟರೆ ರಾತ್ರಿ ಅದು ಹನ್ನೊಂದಾಗಿ ಲಂಗರು ಕಿತ್ತು ಬರುತ್ತದೆ. ಅಷ್ಟೊಂದು ನೀರು ಸಣ್ಣ ಸಣ್ಣ ಕಂಡಿಗಳಲ್ಲಿ ದಿನಕ್ಕೆ ನಾಲ್ಕು ಸಲ ಆಚೀಚೆ ನುಗ್ಗಬೇಕಲ್ಲ. ಸೇಮೂರ್ ನ್ಯಾರೋಸ್‌ನಲ್ಲಿ ಅದರ ವೇಗ ಹದಿನೈದು ನಾಟ್ ಮುಟ್ಟುವುದುಂಟು. ಅಲ್ಲಿ ನೀರಿನ ನಡುವೆ ರಿಪ್ಪಲ್ ರಾಕ್ ಎಂಬ ಬಂಡೆಯಿತ್ತು, ನೂರಕ್ಕೂ ಹೆಚ್ಚು ಜನರನ್ನು ನುಂಗಿದ್ದು. ಕೊನೆಗೆ ಅದರ ಕೆಳಗೆ ಸುರಂಗ ಕೊರೆದು ಸ್ಫೋಟಕ ತುಂಬಿ 1958ರ ಏಪ್ರಿಲ್ 5ರಂದು ಹಾರಿಸಿದರು. ಬಂಡೆ ಹೋಯಿತು, ಸೆಳೆತ ಹಾಗೇ ಇದೆ. ಇಂಥ ಕಂಡಿಗಳನ್ನು ದಾಟುವುದು ನೀರು ತಿರುಗುವ ಮೊದಲು ಸ್ವಲ್ಪ ಹೊತ್ತು ಸುಮ್ಮನಾಗುತ್ತದಲ್ಲ, ಆಗ. ಆ ಗಳಿಗೆಯನ್ನು ಉಬ್ಬರ ಇಳಿತದ ವೇಳೆ ಕೊಡುವ ಪುಸ್ತಕದಲ್ಲಿ ನೋಡಿಕೊಳ್ಳಬೇಕು.

ಈಗ ನಾನು ನಿನ್ನಪ್ಪನಿಗೂ ಹೇಳದ ಒಂದು ಮಾತು ಬರೆಯುತ್ತೇನೆ.

ನಮ್ಮ 2009ರ ಪಯಣದಲ್ಲಿ ಡೆಂಟ್ ರಾಪಿಡ್ಸ್ ಎಂಬ ಇಂಥದೇ ಕಂಡಿ ದಾಟುವ ದಿನ. ನನ್ನ ಹತ್ತಿರ ಇದ್ದದ್ದು ಕೆನಡಾದ ಪುಸ್ತಕ. ಅದರಲ್ಲಿ ಗಂಟೆಗಳನ್ನು ಅಚ್ಚು ಹಾಕಿದ್ದು ಸ್ಟ್ಯಾಂಡರ್ಡ್ ಟೈಮಿನಲ್ಲಿ. ಬೇಸಿಗೆಯ ಗಡಿಯಾರಕ್ಕೆ ಒಂದು ಗಂಟೆ ನಾವೇ ಕೂಡಿಸಿಕೊಳ್ಳಬೇಕು. ನಾನು ಕೂಡಿಸಲಿಲ್ಲ. ನಮ್ಮದು ಗುಂಪಿನಲ್ಲೇ ವೇಗದ ದೋಣಿ ಎಂಬ ಸೊಕ್ಕು ಬೇರೆ. ಮಿಕ್ಕವರನ್ನು ಹಿಂದೆ ಬಿಟ್ಟು ಒಂದು ಗಂಟೆ ಮೊದಲೇ ಕಂಡಿಗೆ ನುಗ್ಗಿದೆ. ನೀರು ಕುದಿಯುವ ಎಸರಿನ ಹಾಗೆ ಕೆಳಗಿನಿಂದ ಉಬ್ಬಿ ಬರುತ್ತಿತ್ತು. ಸುಳಿಯೊಂದು ನಮ್ಮನ್ನು ಹಿಡಿದು ದೋಣಿಯ ಮೂತಿಯನ್ನು ಬಂದ ದಾರಿಗೇ ತಿರುಗಿಸಿತು. ಚುಕ್ಕಾಣಿ ಕೈಯಲ್ಲಿತ್ತು, ದೋಣಿ ಕೈಯಲ್ಲಿರಲಿಲ್ಲ. ಎಂಜಿನ್ ಪೂರ್ತಿ ಕೊಟ್ಟು ಹೇಗೋ ದಡದ ಮಗ್ಗುಲಿಗೆ ಬಿದ್ದೆವು.

ಅಷ್ಟರಲ್ಲಿ ರೇಡಿಯೊದಲ್ಲಿ ಕೇಳಿದರು, "ಮುಂದೆ ನೀರು ಹೇಗಿದೆ?"

ನಾನು ಏನಂದೆ ಗೊತ್ತೇನು? "ಪರವಾಗಿಲ್ಲ" ಅಂದೆ.

ದೊಡ್ಡಮ್ಮ ನನ್ನ ಮುಖ ನೋಡಿದಳು. ಮೂವತ್ತೆಂಟು ವರ್ಷದ ಸಂಸಾರದಲ್ಲಿ ಅಂಥ ನೋಟ ಒಂದೇ ಸಲ. ನನ್ನ ಕೈಯಿಂದ ಮೈಕ್ ಕಿತ್ತುಕೊಂಡು ತನಗೆ ಬರುವ ಇಂಗ್ಲಿಷಿನಲ್ಲಿ "ನೋ ನೋ, ವೆರಿ ಬ್ಯಾಡ್, ವೇಯ್ಟ್" ಅಂದಳು. ಹಿಂದಿನವರು ಕಾದರು. ನಂಬು, ನಾನು ಆ ಸುಳಿಗಿಂತ ಹೆಚ್ಚು ಹೆದರಿದ್ದು ಗುಂಪಿನೆದುರು ಮಂಕನಾಗುವುದಕ್ಕೆ.

ಇಷ್ಟಕ್ಕೇ ಬುದ್ಧಿ ಬಂತು ಅಂದುಕೊಳ್ಳಬೇಡ. ಪೋರ್ಟ್ ಹಾರ್ಡಿಯಿಂದ ಉತ್ತರಕ್ಕೆ ಕೇಪ್ ಕಾಷನ್ ಎಂಬ ಭೂಶಿರವಿದೆ. ದ್ವೀಪಗಳ ಮರೆ ತಪ್ಪಿ ಕಡಲು ನೇರ ಜಪಾನಿನ ಕಡೆ ತೆರೆದುಕೊಳ್ಳುವ ಜಾಗ. ಎರಡು ದಿನ ಗಾಳಿ ನಿಲ್ಲಲೆಂದು ಧಕ್ಕೆಯಲ್ಲಿ ಕಾದೆವು. ಆ ಕರಾವಳಿಯ ಹಲವು ದೀಪಸ್ತಂಭಗಳಲ್ಲಿ ಇವತ್ತಿಗೂ ಮನುಷ್ಯರೇ ಇದ್ದು, ಕಿಟಕಿಯಿಂದ ಕಡಲು ನೋಡಿ ಅಲೆ ಎಷ್ಟು ಅಡಿ ಎಂದು ಹೇಳುತ್ತಾರೆ, ಅದು ರೇಡಿಯೊದಲ್ಲಿ ಬರುತ್ತದೆ. ಪೈನ್ ಐಲ್ಯಾಂಡ್, ಎಗ್ ಐಲ್ಯಾಂಡ್ ಎರಡನ್ನೂ ತಪ್ಪದೆ ಕೇಳು, ಕಂಪ್ಯೂಟರಿನ ಮುನ್ಸೂಚನೆಗಿಂತ ನನಗೆ ಅವರ ಕಣ್ಣಿನ ಮೇಲೆ ಹೆಚ್ಚು ನಂಬಿಕೆ. ಮೂರನೆಯ ಬೆಳಿಗ್ಗೆ ದೀಪಸ್ತಂಭದವರು ಹೇಳಿದ ಅಲೆ ನಮ್ಮಂಥ ಸಣ್ಣ ದೋಣಿಗೆ ತಕ್ಕದ್ದಾಗಿರಲಿಲ್ಲ. ನಮ್ಮ ಗುಂಪಿನ ಮುಂದಾಳು ಧಕ್ಕೆಯ ಮೇಲೆ ಎಲ್ಲರನ್ನೂ ಕರೆದು "ಹೋಗಬಹುದು ಅಂತ ಕಾಣುತ್ತದೆ, ಏನನ್ನುತ್ತೀರಿ?" ಎಂದರು. ಅವರದು ನಲವತ್ತೆರಡು ಅಡಿಯ ಭಾರೀ ದೋಣಿ. ಒಬ್ಬರು "ನೀವು ಹೋದರೆ ನಾವೂ" ಅಂದರು. ಇನ್ನೊಬ್ಬರು ತಲೆಯಾಡಿಸಿದರು. ನಾನೂ ಆಡಿಸಿದೆ.

ಆ ನಾಲ್ಕು ಗಂಟೆಯನ್ನು ವರ್ಣಿಸುವುದಿಲ್ಲ, ಈ ಪತ್ರ ನಿನ್ನಮ್ಮನ ಕೈಗೂ ಸಿಕ್ಕೀತು. ಮುಂದಿನ ದೋಣಿ ಅಲೆಯ ಹಿಂದೆ ಪೂರ್ತಿ ಕಾಣೆಯಾಗುತ್ತಿತ್ತು, ಮತ್ತೆ ಏಳುತ್ತಿತ್ತು. ದೊಡ್ಡಮ್ಮ ನೆಲದ ಮೇಲೆ ಕೂತು ಎರಡು ಕಾಲನ್ನೂ ಗೋಡೆಗೆ ಒದ್ದು ಹಿಡಿದಿದ್ದಳು. ಫ್ರಿಜ್ಜಿನ ಬಾಗಿಲು ಹಾರಿಕೊಂಡು ಮೊಸರಿನ ಪಾತ್ರೆ ಅವಳ ಮಡಿಲಿಗೇ ಬಂತು. ಸಂಜೆ ಫ್ಯೂರಿ ಕೋವ್‌ನಲ್ಲಿ ಲಂಗರು ಹಾಕಿ ಎಲ್ಲರೂ ದೊಡ್ಡ ದೋಣಿಯಲ್ಲಿ ಸೇರಿದಾಗ ಒಬ್ಬರಾದ ಮೇಲೆ ಒಬ್ಬರು ಒಪ್ಪಿಕೊಂಡರು. ಯಾರಿಗೂ ಅವತ್ತು ಹೊರಡುವ ಮನಸ್ಸಿರಲಿಲ್ಲ. ಕಡೆಗೆ ಮುಂದಾಳು ಕಾಫಿ ಲೋಟ ಕೆಳಗಿಟ್ಟು ಹೇಳಿದ್ದು ಕೇಳು: "ನೀವೆಲ್ಲ ಹೊರಡುವ ಹುರುಪಿನಲ್ಲಿದ್ದಿರಿ, ನಾನೊಬ್ಬ ತಡೆಯುವುದು ಹೇಗೆ ಅಂತ ಸುಮ್ಮನಾದೆ!"

ಪ್ರಿನ್ಸ್ ರೂಪರ್ಟ್‌ನಿಂದ ಡಿಕ್ಸನ್ ಎಂಟ್ರೆನ್ಸ್ ಎಂಬ ತೆರೆದ ಕಡಲು ದಾಟುವ ಬೆಳಿಗ್ಗೆ ಮತ್ತೆ ಅದೇ ಸಭೆ. ಇಪ್ಪತ್ತೈದು ಅಡಿಯ ದೋಣಿಯ ಮುದುಕಿಯೊಬ್ಬರು, ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದವರು, ಪ್ರಶ್ನೆ ಕೇಳುವ ಮೊದಲೇ ಕೈ ಎತ್ತಿ "ನಾನು ಇವತ್ತು ಬರುವುದಿಲ್ಲ" ಅಂದರು. ಕಾರಣ ಕೊಡಲಿಲ್ಲ. ಎಲ್ಲರ ಹೆಗಲೂ ಒಟ್ಟಿಗೆ ಇಳಿದದ್ದು ನನಗೆ ಕಂಡಿತು. ಅವತ್ತು ಉಳಿದೆವು, ಊರಿನ ಮ್ಯೂಸಿಯಂ ನೋಡಿದೆವು. ತಮಾಷೆಯೆಂದರೆ ಆ ಇಡೀ ದಿನ ಗಾಳಿ ಬೀಸಲೇ ಇಲ್ಲ. ಕಡಲು ತಟ್ಟೆಯಲ್ಲಿಟ್ಟ ಎಣ್ಣೆಯ ಹಾಗಿತ್ತು. ಒಬ್ಬರೂ ಆಕೆಯನ್ನು ಆಡಿಕೊಳ್ಳಲಿಲ್ಲ.

ನಿಮ್ಮ ಒಂಬತ್ತರಲ್ಲಿ ಆ ಕೈ ನಿನ್ನದಾಗಬೇಕು ಮಗಳೇ. ಚಿಕ್ಕ ದೋಣಿಯವರು ಬಾಯಿ ಬಿಡದಿದ್ದರೆ ದೊಡ್ಡ ದೋಣಿಯವರಿಗೆ ಗೊತ್ತಾಗುವುದೇ ಇಲ್ಲ. ಅವರ ಲೋಟದ ಕಾಫಿ ತುಳುಕದ ಅಲೆಗೆ ನಿನ್ನ ಹಲ್ಲು ಕಟಕಟ ಅನ್ನುತ್ತಿರುತ್ತದೆ.

ಉಳಿದದ್ದು ಬೇಗ ಬೇಗ ಬರೆದು ಮುಗಿಸುತ್ತೇನೆ, ಕರೆಂಟು ಹೋಗುವ ಹೊತ್ತಾಯಿತು.

ನಿನ್ನದು ಇನ್ನೂ ಭಾರತದ ಪಾಸ್‌ಪೋರ್ಟು. ನಿನ್ನ ಜೊತೆಯ ಅಮೆರಿಕದವರಿಗೆ ಇದು ಹೊಳೆಯುವುದೇ ಇಲ್ಲ. ದಾರಿ ಮುಕ್ಕಾಲು ಪಾಲು ಕೆನಡಾದ ನೀರಿನಲ್ಲಿದೆ, ಆ ವೀಸಾ ನಿನಗೆ ಬೇಕು. ಕೆಚಿಕಾನ್‌ನಲ್ಲಿ ಮತ್ತೆ ಅಮೆರಿಕದೊಳಗೆ ಕಾಲಿಡಲು ನಿನ್ನ ಕೆಲಸದ ವೀಸಾದ ಮುದ್ರೆ ಯಾವಾಗಿನ ತನಕ ಇದೆ ಅಂತ ವಕೀಲರನ್ನು ಈಗಲೇ ಕೇಳು. ಕೆಚಿಕಾನ್‌ಗೆ ಮೊದಲು ಫಾಗಿ ಬೇ ಎಂಬಲ್ಲಿ ರಾತ್ರಿ ಲಂಗರು ಹಾಕುವುದಾದರೆ ಕಸ್ಟಮ್ಸಿನವರಿಗೆ ಮುಂಚೆಯೇ ತಿಳಿಸಿ ಅನುಮತಿ ಪಡೆಯಬೇಕು.

ಪೆಟ್ರೋಲನ್ನು ಮೂರು ಪಾಲು ಮಾಡು. ಹೋಗಲು ಒಂದು, ಬರಲು ಒಂದು, ಮೂರನೆಯದು ಇಲ್ಲವೆಂದೇ ತಿಳಿ. ಉತ್ತರಕ್ಕೆ ಹೋದ ಹಾಗೆ ಒಂದು ಬಂಕಿಗೂ ಇನ್ನೊಂದಕ್ಕೂ ನಡುವೆ ಎಂಬತ್ತು ತೊಂಬತ್ತು ಮೈಲಿ ಇರುವುದುಂಟು. ಎದುರು ಅಲೆಯಿದ್ದರೆ ಅಷ್ಟೇ ದೂರಕ್ಕೆ ಎಷ್ಟೋ ಹೆಚ್ಚು ಕುಡಿಯುತ್ತದೆ ಎಂಜಿನ್. ರಾತ್ರಿ ಓಡಿಸಲೇಬೇಡ. ಕಾಡಿನಿಂದ ತಪ್ಪಿಸಿಕೊಂಡ ದಿಮ್ಮಿಗಳು ತೇಲುತ್ತಿರುತ್ತವೆ, ಕೆಲವು ನೀರು ಕುಡಿದು ನೆಟ್ಟಗೆ ನಿಂತು ತಲೆ ಮಾತ್ರ ಹೊರಗಿಟ್ಟಿರುತ್ತವೆ. ಹಗಲಲ್ಲೇ ಕಾಣುವುದು ಕಷ್ಟ. ಇನ್ನೊಂದು ಪ್ರೊಪೆಲ್ಲರ್ ಜೊತೆಗಿರಲಿ.

ಲೈಫ್ ಜಾಕೆಟ್ ಮೈಮೇಲೆ ಇರಬೇಕು, ಸೀಟಿನ ಕೆಳಗಲ್ಲ. ಗಂಗೊಳ್ಳಿಯ ಹೊಳೆಯಲ್ಲಿ ಈಜಿದ್ದೇನೆ ಅನ್ನಬೇಡ. ಅಲ್ಲಿನ ನೀರು ಹತ್ತು ಡಿಗ್ರಿಯ ಆಸುಪಾಸು. ಬಿದ್ದ ಮೊದಲ ಒಂದು ನಿಮಿಷ ಉಸಿರು ಹಿಡಿತಕ್ಕೆ ಬರುವುದಿಲ್ಲ, ಆಮೇಲೆ ಹತ್ತು ನಿಮಿಷ ಕೈಕಾಲು ಮಾತು ಕೇಳುತ್ತವೆ, ಸುಮಾರು ಒಂದು ಗಂಟೆಗೆ ಎಚ್ಚರ ತಪ್ಪುತ್ತದೆ. ಆ ಕಡೆ ಎಲ್ಲರಿಗೂ ಕಲಿಸುವ ಲೆಕ್ಕ ಇದು.

ಕೆಚಿಕಾನ್ ಮುಟ್ಟಿದಾಗ ಮಳೆ ಬರುತ್ತಿರುತ್ತದೆ, ಕಣ್ಣು ಮುಚ್ಚಿ ಹೇಳುತ್ತೇನೆ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮೇಲೆ, ನಮ್ಮ ಮಂಗಳೂರಿನ ಲೆಕ್ಕವೇ. ನಮ್ಮಲ್ಲಿ ನಾಲ್ಕು ತಿಂಗಳಲ್ಲಿ ಸುರಿದು ಮುಗಿಸುವುದನ್ನು ಅವರು ಹನ್ನೆರಡು ತಿಂಗಳಿಗೂ ಹಂಚಿಕೊಂಡಿದ್ದಾರೆ. ಊರು ನೆನಪಾದರೆ ಅಳಬೇಡ, ಧಕ್ಕೆಯಲ್ಲಿ ಮೀನಿನ ವಾಸನೆಯೂ ಇರುತ್ತದೆ.

ನನ್ನ ಹಳೆಯ ಲಾಗ್ ಪುಸ್ತಕವನ್ನು ಪೋಸ್ಟಿನಲ್ಲಿ ಕಳಿಸುತ್ತಿದ್ದೇನೆ. ಡೆಂಟ್ ರಾಪಿಡ್ಸಿನ ಪುಟದಲ್ಲಿ "ನೀರು ಸ್ವಲ್ಪ ಜೋರು" ಅಂತ ಬರೆದಿದೆ. ಅದರ ಕೆಳಗೆ ಬೇರೆ ಶಾಯಿಯಲ್ಲಿ "ಸುಳ್ಳು" ಅಂತಿದೆಯಲ್ಲ, ಅದು ನಿನ್ನ ದೊಡ್ಡಮ್ಮನ ಅಕ್ಷರ.

ಇಂತಿ ನಿನ್ನ ಪ್ರೀತಿಯ
ದೊಡ್ಡಪ್ಪ

ಮರೆತ ಮಾತು: ಅವಳು ಈಗಷ್ಟೇ ಬಂದು, ಫ್ರಿಜ್ಜಿನ ಬಾಗಿಲಿಗೆ ಹೊರಗಿನಿಂದ ಒಂದು ಚಿಲಕ ಹಾಕಿಸಿಕೊಳ್ಳಲು ಬರೆಯಿರಿ ಅಂದಳು. ಬರೆದಿದ್ದೇನೆ.