ಎಣಿಕೆಗೆ ಸಿಗದವರನ್ನು ಹುಡುಕಿ ಹೋಗು

ನೋಡಮ್ಮ, ನಿನ್ನ ಪತ್ರದ ಕೊನೆಯ ಪ್ರಶ್ನೆಗೆ ಫೋನಿನಲ್ಲಿ ಉತ್ತರ ಹೇಳಿದರೆ ಅರ್ಧಂಬರ್ಧವಾಗುತ್ತದೆ ಎಂದು ಕೂತು ಬರೆಯುತ್ತಿದ್ದೇನೆ. ‘ಮಾವ, ನನ್ನ ಪ್ರಬಂಧವನ್ನು ಗೈಡ್ ಓದುತ್ತಾರೆ, ಪರೀಕ್ಷಕರು ಓದುತ್ತಾರೆ, ಆಮೇಲೆ ಅದು ಲೈಬ್ರರಿಯ ಕಪಾಟು ಸೇರುತ್ತದೆ. ಸರ್ಕಾರದ ಒಂದು ತೀರ್ಮಾನವಾದರೂ ಇದರಿಂದ ಬದಲಾಗುತ್ತದಾ?’ ಎಂದು ಕೇಳಿದ್ದೀಯ. ಬದಲಾಗುತ್ತದೆ. ನೌಕರಿಯುದ್ದಕ್ಕೂ ಕಡತಗಳ ಆಚೆ ಬದಿಯಲ್ಲಿ ಕೂತು, ಯಾವ ವರದಿ ಮುಂದೆ ಹೋಯಿತು, ಯಾವುದು ಅಲ್ಲೇ ಉಳಿಯಿತು ಎಂದು ನೋಡಿದವನ ಮಾತು ಇದು.

ಮೊದಲು ಕಚೇರಿ ಹೇಗೆ ಯೋಚಿಸುತ್ತದೆ ಎನ್ನುವುದನ್ನು ತಿಳಿದುಕೋ. ಒಂದು ಯೋಜನೆಯ ಕಡತ ವಿಷಯ ನಿರ್ವಾಹಕರ ಮೇಜಿನಿಂದ ಹೊರಟು ಶಾಖಾಧಿಕಾರಿ, ಅಧೀನ ಕಾರ್ಯದರ್ಶಿ ಎಂದು ಮೇಲೇರುತ್ತದೆ. ದಾರಿಯುದ್ದಕ್ಕೂ ಟಿಪ್ಪಣಿ ಹಾಳೆಯ ಮೇಲೆ ಬರುವ ಪ್ರಶ್ನೆಗಳು ಹೆಚ್ಚೂ ಕಡಿಮೆ ಅವೇ: ಫಲಾನುಭವಿಗಳು ಎಷ್ಟು ಜನ, ಎಲ್ಲಿದ್ದಾರೆ, ಹಣ ಎಷ್ಟು ಬೇಕು, ಯಾವ ಲೆಕ್ಕ ಶೀರ್ಷಿಕೆಯಲ್ಲಿ ಕೊಡುವುದು. ಎಣಿಕೆಯಲ್ಲಿ ಇಲ್ಲದವರು ಆ ಹಾಳೆಯ ಮೇಲೆ ಬರುವುದೇ ಇಲ್ಲ. ಅಧಿಕಾರಿ ಕಟುಕನಾಗಿರಬೇಕಿಲ್ಲ, ಒಳ್ಳೆಯವನೇ ಇರಬಹುದು. ಅವನ ಮುಂದಿರುವ ಕೋಷ್ಟಕದಲ್ಲಿ ಅವರಿಗೆ ಕಾಲಂ ಇಲ್ಲ, ಅಷ್ಟೇ. ಏನನ್ನು ಎಣಿಸಬೇಕು, ಎಲ್ಲಿ ಎಣಿಸಬೇಕು ಎನ್ನುವುದನ್ನು ಬದಲಿಸುವ ಶಕ್ತಿ ನಿನ್ನ ವಿದ್ಯೆಗಿದೆ. ಸಮಾಜಶಾಸ್ತ್ರ, ಅರ್ಥಶಾಸ್ತ್ರ, ಇತಿಹಾಸ, ಶಾಸನಶಾಸ್ತ್ರ, ಜಾನಪದ ಇವೆಲ್ಲ ಆಡಳಿತಕ್ಕೆ ಉಪಕಾರ ಮಾಡಿರುವುದು ಹೆಚ್ಚಾಗಿ ಈ ದಾರಿಯಲ್ಲೇ.

ನಮ್ಮಲ್ಲೇ ನಡೆದದ್ದನ್ನು ಹೇಳುತ್ತೇನೆ. ಉತ್ತರ ಕರ್ನಾಟಕ ಹಿಂದುಳಿದಿದೆ, ದಕ್ಷಿಣ ಮುಂದುವರಿದಿದೆ ಎಂಬ ವಾದ ರಾಜ್ಯ ಒಂದುಗೂಡಿದ ದಿನಗಳಿಂದಲೂ ಇತ್ತು. ಜಿಲ್ಲಾವಾರು ಅಂಕಿಅಂಶ ಹಿಡಿದು ಎರಡೂ ಕಡೆಯವರು ವಿಧಾನಸಭೆಯಲ್ಲಿ ಕೂಗಾಡುತ್ತಿದ್ದರು. 2000ನೇ ಇಸವಿಯಲ್ಲಿ ಎಸ್.ಎಂ. ಕೃಷ್ಣ ಅವರ ಸರ್ಕಾರ ಅರ್ಥಶಾಸ್ತ್ರಜ್ಞ ಡಾ. ಡಿ.ಎಂ. ನಂಜುಂಡಪ್ಪ ಅವರ ಅಧ್ಯಕ್ಷತೆಯಲ್ಲಿ ಪ್ರಾದೇಶಿಕ ಅಸಮತೋಲನ ನಿವಾರಣೆಗೆ ಉನ್ನತಾಧಿಕಾರ ಸಮಿತಿ ಮಾಡಿತು. ವರದಿ ಬಂದದ್ದು 2002ರಲ್ಲಿ. ಸಮಿತಿ ಮಾಡಿದ ದೊಡ್ಡ ಕೆಲಸವೆಂದರೆ ಜಿಲ್ಲೆಯನ್ನು ಬಿಟ್ಟು ತಾಲ್ಲೂಕನ್ನು ಅಳತೆಯ ಘಟಕವಾಗಿ ಹಿಡಿದದ್ದು. ಕೃಷಿ, ಕೈಗಾರಿಕೆ, ರಸ್ತೆ, ಬ್ಯಾಂಕು, ಆಸ್ಪತ್ರೆ, ಶಾಲೆ ಹೀಗೆ 35 ಸೂಚಕಗಳನ್ನು ಕೂಡಿಸಿ, ರಾಜ್ಯದ ಸರಾಸರಿಯನ್ನು 1 ಎಂದಿಟ್ಟುಕೊಂಡು ಆಗಿದ್ದ 175 ತಾಲ್ಲೂಕುಗಳಿಗೂ ಒಂದೊಂದು ಅಂಕ ಕೊಟ್ಟರು. 114 ತಾಲ್ಲೂಕುಗಳು ಹಿಂದುಳಿದವು ಎಂದು ಗೊತ್ತಾಯಿತು. ಅವುಗಳಲ್ಲಿ 39 ಅತ್ಯಂತ ಹಿಂದುಳಿದವು, 40 ಅತಿ ಹಿಂದುಳಿದವು, 35 ಹಿಂದುಳಿದವು.

ಈಗ ಇದನ್ನು ಸ್ವಲ್ಪ ಹತ್ತಿರದಿಂದ ನೋಡು. ಆ 114ರಲ್ಲಿ 59 ಉತ್ತರದವು, 55 ದಕ್ಷಿಣದವು. ಲೆಕ್ಕ ಹೆಚ್ಚೂ ಕಡಿಮೆ ಸರಿಸಮ ಎನ್ನಿಸುತ್ತದೆ. ಆದರೆ ಅತ್ಯಂತ ಹಿಂದುಳಿದ 39ರಲ್ಲಿ 26 ಉತ್ತರದಲ್ಲಿದ್ದವು, ಅದರಲ್ಲೂ 21 ಕಲಬುರಗಿ ವಿಭಾಗ ಒಂದರಲ್ಲೇ. ಉತ್ತರದವರ ದೂರು ನಿಜವೆಂದು ಸಾಬೀತಾಯಿತು. ಜೊತೆಗೆ ಬೆಂಗಳೂರು ವಿಭಾಗದಲ್ಲೇ 11 ತಾಲ್ಲೂಕುಗಳು ಅತ್ಯಂತ ಹಿಂದುಳಿದವು ಎಂಬುದೂ ಹೊರಬಿತ್ತು. ರಾಜಧಾನಿಯ ಹೆಸರಿನ ವಿಭಾಗದ ಸರಾಸರಿಯೊಳಗೆ ಇಷ್ಟು ವರ್ಷ ಆ ಹಳ್ಳಿಗಳು ಮುಚ್ಚಿಹೋಗಿದ್ದವು. ಬಡತನ ಅವತ್ತು ಹೊಸದಾಗಿ ಹುಟ್ಟಿದ್ದಲ್ಲ. ಅದನ್ನು ಕಾಣುವ ಹಾಗೆ ಅಳೆದದ್ದು ಹೊಸದು.

ಸಮಿತಿ 8 ವರ್ಷಗಳಲ್ಲಿ 31,000 ಕೋಟಿ ರೂಪಾಯಿಯ ವಿಶೇಷ ಅಭಿವೃದ್ಧಿ ಯೋಜನೆಗೆ ಶಿಫಾರಸು ಮಾಡಿತು. ಯೋಜನೆ ಶುರುವಾಗಲು 2007-08ರವರೆಗೆ ಕಾಯಬೇಕಾಯಿತು. ಇಟ್ಟ ಹಣವೆಲ್ಲ ಖರ್ಚಾಗಲಿಲ್ಲ. ಖರ್ಚಾದದ್ದೂ ಎಲ್ಲ ಕಡೆ ಸರಿಯಾಗಿ ಬೇರಿಗಿಳಿಯಲಿಲ್ಲ. ಇದು ನನಗೆ ಇವತ್ತಿಗೂ ನೋವಿನ ಸಂಗತಿ. ಆದರೂ ಆ ವರದಿ ವ್ಯರ್ಥವಾಯಿತು ಎನ್ನುವವರ ಮಾತನ್ನು ನಂಬಬೇಡ. ‘ನಂಜುಂಡಪ್ಪ ವರದಿಯ ಪ್ರಕಾರ ನಮ್ಮದು ಅತ್ಯಂತ ಹಿಂದುಳಿದ ತಾಲ್ಲೂಕು’ ಎಂದು ಶಾಸಕರು ಸದನದಲ್ಲಿ ಹೇಳುತ್ತಾರೆ, ಹೋರಾಟಗಾರರು ಮನವಿ ಪತ್ರದಲ್ಲಿ ಬರೆಯುತ್ತಾರೆ. ಕೇಳುವವರ ಕೈಗೆ ಒಂದು ಅಳತೆಗೋಲು ಸಿಕ್ಕಿತು. 2024ರಲ್ಲಿ ಅರ್ಥಶಾಸ್ತ್ರಜ್ಞ ಎಂ. ಗೋವಿಂದ ರಾವ್ ಅವರ ಅಧ್ಯಕ್ಷತೆಯಲ್ಲಿ ಇದೇ ವಿಷಯಕ್ಕೆ ಮತ್ತೊಂದು ಸಮಿತಿ ರಚನೆಯಾಯಿತು. ಹಳೆಯ ಅಳತೆ ಇಲ್ಲದಿದ್ದರೆ ಹೊಸಬರು ಯಾವುದಕ್ಕೆ ಹೋಲಿಸಿ ನೋಡಬೇಕಿತ್ತು?

ಅಂಕಿಅಂಶದ ಶಾಸ್ತ್ರಗಳ ಕಥೆ ಬೇರೆ, ಇತಿಹಾಸ, ಕನ್ನಡ ಓದಿದವರ ಮಾತನ್ನು ಸರ್ಕಾರ ಏಕೆ ಕೇಳುತ್ತದೆ ಎಂದು ನಿನ್ನ ಗೆಳತಿ ಅಂದಳಂತೆ. ಅವಳಿಗೆ ಕೆರೆಗಳ ವಿಷಯ ಹೇಳು.

ನಮ್ಮ ರಾಜ್ಯದಲ್ಲಿ 36 ಸಾವಿರಕ್ಕೂ ಹೆಚ್ಚು ಕೆರೆಗಳಿವೆ ಎಂದು ಲೆಕ್ಕ. ಬಹಳಷ್ಟು ಹೂಳು ತುಂಬಿವೆ. ಹೂಳೆತ್ತುವುದಕ್ಕೆ ಸರ್ಕಾರ ಮತ್ತೆ ಮತ್ತೆ ಹಣ ಕೊಡುತ್ತದೆ. ಜೆಸಿಬಿ ಬರುತ್ತದೆ, ಟ್ರ್ಯಾಕ್ಟರ್ ಬರುತ್ತದೆ, ಬಿಲ್ ಆಗುತ್ತದೆ. ನಾಲ್ಕು ಮಳೆಗಾಲ ಕಳೆದರೆ ಮತ್ತೆ ಅದೇ ಸ್ಥಿತಿ. ಶಾಸನಗಳನ್ನು ಓದಿದವರು ಇಲ್ಲಿ ಒಂದು ಮಾತು ತೋರಿಸಿಕೊಡುತ್ತಾರೆ. ಕೆರೆ ಕಟ್ಟಿಸಿದ್ದನ್ನು ಹೇಳುವ ಶಾಸನ ಅನೇಕ ಕಡೆ ಅಷ್ಟಕ್ಕೇ ನಿಲ್ಲುವುದಿಲ್ಲ. ಕೆರೆಯನ್ನು ನೋಡಿಕೊಳ್ಳುವುದಕ್ಕೆಂದೇ ಬಿತ್ತುವಟ್ಟ ಎಂದು ಭೂಮಿಯನ್ನೋ ಬೆಳೆಯ ಪಾಲನ್ನೋ ತೆಗೆದಿಡುತ್ತಿದ್ದರು. ಕಟ್ಟಿದವರಿಗೆ, ಏರಿ ಕಾಯುವವರಿಗೆ ಕೊಡಗೆಯ ಹೊಲ ಕೊಡುತ್ತಿದ್ದರು. ಹೂಳು ಹೊರುವ ಬಂಡಿಯನ್ನು, ಅದನ್ನೆಳೆಯುವ ಎತ್ತು ಕೋಣಗಳನ್ನು ಸಾಕುವುದಕ್ಕೂ ದತ್ತಿ ಬಿಟ್ಟದ್ದುಂಟು. ಕಡಪ ಜಿಲ್ಲೆಯ ಪೋರುಮಾಮಿಳ್ಳದ 1369ರ ಶಾಸನವನ್ನೇ ತೆಗೆದುಕೋ. ವಿಜಯನಗರದ ರಾಜಕುಮಾರ ಭಾಸ್ಕರ ಕಟ್ಟಿಸಿದ ಕೆರೆ ಅದು. ಸಾವಿರ ಆಳು, ನೂರು ಬಂಡಿ, ಎರಡು ವರ್ಷದ ಕೆಲಸ ಎಂಬ ಲೆಕ್ಕ ಅದರಲ್ಲಿದೆ. ಒಳ್ಳೆಯ ಕೆರೆಗೆ ಇರಬೇಕಾದ 12 ಅಂಗಗಳನ್ನೂ ಇರಬಾರದ 6 ದೋಷಗಳನ್ನೂ ಹೆಸರಿಸಿದೆ. ವರ್ಷವರ್ಷದ ನಿರ್ವಹಣೆಗೆ ಖಾಯಂ ಆದಾಯವಿಲ್ಲದ ಕೆರೆ ಉಳಿಯುವುದಿಲ್ಲ ಎಂಬ ತಿಳಿವಳಿಕೆ ಆಗಿನವರಿಗಿತ್ತು. ಇವತ್ತಿನ ಅಂದಾಜುಪಟ್ಟಿಯಲ್ಲಿ ಹೂಳೆತ್ತುವ ಖರ್ಚು ಇರುತ್ತದೆ, ಹತ್ತು ವರ್ಷ ತೂಬು ನೋಡಿಕೊಳ್ಳುವವನ ಸಂಬಳ ಇರುವುದಿಲ್ಲ.

ಆದರೆ ಇತಿಹಾಸ ಓದಿದವರು ಇಷ್ಟಕ್ಕೇ ನಿಲ್ಲಬಾರದು. ಹಿಂದಿನದೆಲ್ಲ ಚಿನ್ನ ಎಂದು ಬರೆದುಕೊಟ್ಟರೆ ಅದು ಸಂಶೋಧನೆಯಲ್ಲ. ನೀರು ಬಿಡುತ್ತಿದ್ದ ನೀರಗಂಟಿಯ ಕೆಲಸ ವಂಶಪಾರಂಪರ್ಯವಾಗಿ ಬರುತ್ತಿತ್ತು. ಅನೇಕ ಊರುಗಳಲ್ಲಿ ಅದು ದಲಿತ ಮನೆಗಳ ಮೇಲೆ ಬಿದ್ದಿತ್ತು. ಅವನು ತೂಬು ತೆಗೆಯಬಹುದಿತ್ತು, ನೀರು ಯಾರ ಗದ್ದೆಗೆ ಮೊದಲು ಎಂದು ತೀರ್ಮಾನಿಸುವಂತಿರಲಿಲ್ಲ. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ ಆ ಕಟ್ಟನ್ನು ಬಿಚ್ಚಿದ್ದು ನ್ಯಾಯವೇ. ಕೆರೆಯನ್ನು ನೋಡಿಕೊಳ್ಳುವವರು ಯಾರು ಎಂಬ ಪ್ರಶ್ನೆಗೆ ಮಾತ್ರ ಹೊಸ ಉತ್ತರ ಬರಲಿಲ್ಲ. 2002ರಿಂದ ವಿಶ್ವಬ್ಯಾಂಕಿನ ನೆರವಿನಲ್ಲಿ ನಡೆದ ಯೋಜನೆ ಕೆರೆ ಬಳಕೆದಾರರ ಸಂಘಗಳನ್ನು ಕಟ್ಟಿ ಇದಕ್ಕೆ ಉತ್ತರ ಹುಡುಕಿತು. ಅದೇ ಹೊತ್ತಿಗೆ, 2003ರಲ್ಲಿ, ಡೇವಿಡ್ ಮಾಸ್ ಎಂಬ ಮಾನವಶಾಸ್ತ್ರಜ್ಞ ತಮಿಳುನಾಡಿನ ಕೆರೆಗಳ ಬಗ್ಗೆ ಪುಸ್ತಕ ತಂದ. ಊರವರೆಲ್ಲ ಒಂದೇ ಮನಸ್ಸಿನಿಂದ ಕೆರೆ ನೋಡಿಕೊಳ್ಳುತ್ತಿದ್ದರು ಎಂಬುದು ನಾವು ಕಟ್ಟಿಕೊಂಡ ಚಿತ್ರ, ಕೆರೆಯ ಬೆನ್ನಿಗೆ ಯಾವಾಗಲೂ ಅಧಿಕಾರ, ಅಂತಸ್ತು, ಜಾತಿ ಇದ್ದವು ಎಂದು ಅವನು ತೋರಿಸಿದ. ಸಂಘದ ಸಭೆಯಲ್ಲಿ ಯಾರು ಕುರ್ಚಿಯ ಮೇಲೆ ಕೂರುತ್ತಾರೆ, ಯಾರು ಬಾಗಿಲ ಹತ್ತಿರ ನಿಲ್ಲುತ್ತಾರೆ ಎಂದು ನೋಡದ ಯೋಜನೆ ಎಡವುತ್ತದೆ. ಇದನ್ನು ಎಂಜಿನಿಯರ್ ಹೇಳಲಾರ. ನೀನು ಹೇಳಬೇಕು.

ಎಲ್ಲಿ ನಿಂತು ನೋಡುತ್ತೀಯ ಎನ್ನುವುದು ಬಹಳ ಮುಖ್ಯ. 1948ರಲ್ಲಿ ಮೈಸೂರಿನ ಬಳಿಯ ಹಳ್ಳಿಯಲ್ಲಿ ಇದ್ದು ಅಧ್ಯಯನ ಮಾಡಿದ ಎಂ.ಎನ್. ಶ್ರೀನಿವಾಸ್ ‘ಪ್ರಬಲ ಜಾತಿ’ ಎಂಬ ಪರಿಕಲ್ಪನೆ ಕೊಟ್ಟವರು. ತಾವು ಊರನ್ನು ಮೇಲುಜಾತಿಯ ಕೇರಿಯ ಕಡೆಯಿಂದ ಹೆಚ್ಚಾಗಿ ನೋಡಿದ್ದನ್ನು ಅವರೇ ಬರೆದುಕೊಂಡಿದ್ದಾರೆ. ಅಂಥ ದೊಡ್ಡವರು ಅಷ್ಟು ಪ್ರಾಮಾಣಿಕವಾಗಿ ಬರೆದಿರುವಾಗ, ಪಂಚಾಯಿತಿ ಅಧ್ಯಕ್ಷರ ಮನೆ ಜಗಲಿಯಲ್ಲಿ ಕಾಫಿ ಕುಡಿಯುತ್ತ ಪ್ರಶ್ನಾವಳಿ ತುಂಬಿಸಿಕೊಂಡು ಬರುವ ಅಭ್ಯಾಸವನ್ನು ನೀನು ಶುರುವಿನಲ್ಲೇ ಬಿಡು.

ಇನ್ನು ತಾಳ್ಮೆಯ ಮಾತು. ಮೈಸೂರಿನಲ್ಲಿ ಹುಟ್ಟಿದ ಅರ್ಥಶಾಸ್ತ್ರಜ್ಞೆ ದೇವಕಿ ಜೈನ್ 1970ರ ದಶಕದಲ್ಲಿ ರಾಜಸ್ಥಾನ, ಪಶ್ಚಿಮ ಬಂಗಾಳದ ಕೆಲವು ಹಳ್ಳಿಗಳಲ್ಲಿ ಒಂದು ಕೆಲಸ ಮಾಡಿದರು. ಮನೆಯವರು ಬೆಳಗಿನಿಂದ ರಾತ್ರಿವರೆಗೆ ಏನೇನು ಮಾಡುತ್ತಾರೆ ಎಂದು ಗಂಟೆಗಂಟೆಗೆ ದಾಖಲಿಸಿದರು. ಸರ್ಕಾರಿ ಸಮೀಕ್ಷೆಯಲ್ಲಿ ‘ಕೆಲಸವಿಲ್ಲದವರು’ ಎಂದು ಬರೆದಿದ್ದ ಹೆಂಗಸರಲ್ಲಿ ಎಷ್ಟೋ ಮಂದಿ ದಿನವೆಲ್ಲ ಕಾಳು ಬಡಿದು, ಕೇರಿ, ಭತ್ತ ಬೇಯಿಸಿ ದುಡಿಯುತ್ತಿದ್ದರು. 1998-99ರಲ್ಲಿ ಕೇಂದ್ರ ಸರ್ಕಾರ ಆರು ರಾಜ್ಯಗಳಲ್ಲಿ ಸಮಯ ಬಳಕೆಯ ಪ್ರಾಯೋಗಿಕ ಸಮೀಕ್ಷೆ ಮಾಡಿತು. ಮೊದಲ ದೇಶವ್ಯಾಪಿ ಸಮೀಕ್ಷೆ ಆದದ್ದು 2019ರಲ್ಲಿ. ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಿದ್ದರು, ಅದನ್ನು ಮಾಡುವ ಗಂಡಸರು 97 ನಿಮಿಷ ಎಂದು ಸರ್ಕಾರವೇ ಅಚ್ಚು ಹಾಕಿತು. ನಾಲ್ಕು ದಶಕ ಹಿಡಿಯಿತಮ್ಮ. ನಿನ್ನ ಅಧ್ಯಯನ ಮುಂದಿನ ಬಜೆಟ್ಟಿನಲ್ಲಿ ಕಾಣಿಸಲಿಲ್ಲ ಎಂದು ಕುಗ್ಗಬೇಡ.

ಹಾಗೆಂದು ಬರೆದಿಟ್ಟು ಸುಮ್ಮನಿರಬೇಡ. ಬೆಂಗಳೂರಿನಲ್ಲಿ ಸ್ಯಾಮ್ಯುಯೆಲ್ ಪಾಲ್ ಕಟ್ಟಿದ ಪಬ್ಲಿಕ್ ಅಫೇರ್ಸ್ ಸೆಂಟರ್, ನೀರು, ವಿದ್ಯುತ್, ಪಾಲಿಕೆಯಂಥ ಸಂಸ್ಥೆಗಳ ಸೇವೆಗೆ ನಾಗರಿಕರಿಂದಲೇ ಅಂಕ ಕೊಡಿಸಿದ ‘ರಿಪೋರ್ಟ್ ಕಾರ್ಡ್’ಗಳಿಗೆ ಹೆಸರಾಯಿತು. 1994ರ ಮೊದಲ ಕಾರ್ಡಿನಲ್ಲಿ ಬಹುಪಾಲು ಸಂಸ್ಥೆಗಳಿಗೆ ಸಿಕ್ಕ ಅಂಕ ತೀರಾ ಕಡಿಮೆ. ಬದಲಾವಣೆ ನಿಧಾನವಾಗಿತ್ತು. 1999ರಲ್ಲಿ, 2003ರಲ್ಲಿ ಮತ್ತೆ ಅದೇ ಪ್ರಶ್ನೆ ಹಿಡಿದು ಜನರ ಹತ್ತಿರ ಹೋದರು. ಮೂರನೆಯ ಸಲದ ಹೊತ್ತಿಗೆ ಅಂಕಗಳು ಗಣನೀಯವಾಗಿ ಏರಿದ್ದವು. ಒಂದು ಸಲ ಅಳೆದರೆ ಅದು ಸುದ್ದಿ, ಎರಡು ದಿನದಲ್ಲಿ ಮರೆಯುತ್ತಾರೆ. ಮತ್ತೆ ಅಳೆಯುತ್ತಾರೆ ಎಂದು ಗೊತ್ತಾದಾಗ ಕಚೇರಿ ಎಚ್ಚರವಾಗುತ್ತದೆ.

ಬರೆಯುವ ವಿಧಾನದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಪ್ರಬಂಧ ಮುನ್ನೂರು ಪುಟವಿರಲಿ, ಅದು ವಿಶ್ವವಿದ್ಯಾಲಯಕ್ಕೆ. ಅಧಿಕಾರಿಗೆ ನಾಲ್ಕು ಪುಟದ ಕನ್ನಡ ಟಿಪ್ಪಣಿ ಸಾಕು. ಏನು ಕಂಡೆ, ಎಲ್ಲಿ ಕಂಡೆ, ಈಗಿರುವ ಆದೇಶದಲ್ಲಿ ಯಾವ ಸಾಲು ಬದಲಾಗಬೇಕು, ಯಾರು ಜಾರಿ ಮಾಡಬೇಕು, ಅಂದಾಜು ಖರ್ಚೆಷ್ಟು ಎಂದು ಬರೆ. ಮಾರ್ಚಿನಲ್ಲಿ ಬಜೆಟ್ ಮಂಡನೆಯಾದ ಮೇಲೆ ಓಡಿಹೋಗಿ ಪ್ರಯೋಜನವಿಲ್ಲ. ಇಲಾಖೆಗಳು ಬೇಡಿಕೆ ಪಟ್ಟಿ ಸಿದ್ಧ ಮಾಡುವ ತಿಂಗಳುಗಳಲ್ಲೇ ಕೊಡು. ಮಂತ್ರಿಗಳ ಜೊತೆ ಫೋಟೊ ತೆಗೆಸಿಕೊಳ್ಳುವುದಕ್ಕಿಂತ ಆ ವಿಷಯ ನೋಡುವ ಶಾಖಾಧಿಕಾರಿಯ ಪರಿಚಯ ಮಾಡಿಕೊಳ್ಳುವುದು ಮೇಲು. ಮಂತ್ರಿ ಬದಲಾಗುತ್ತಾರೆ, ಕಡತ ಆ ಶಾಖೆಯಲ್ಲೇ ಇರುತ್ತದೆ.

ಒಂದು ವಿಷಯದಲ್ಲಿ ಮಾತ್ರ ಗಟ್ಟಿಯಾಗಿರು. ಯೋಜನೆಯ ಮೌಲ್ಯಮಾಪನಕ್ಕೆ ಹಣ ಕೊಡುವ ಇಲಾಖೆಯೇ ಒಳ್ಳೆಯ ವರದಿ ಬರಲೆಂದು ಬಯಸುವುದುಂಟು. ‘ಇದೊಂದು ಅಧ್ಯಾಯ ಸ್ವಲ್ಪ ಮೃದು ಮಾಡಿ’ ಎನ್ನುತ್ತಾರೆ. ಮಾಡಬೇಡ. ಭಾಷೆ ವಿನಯವಾಗಿರಲಿ, ಕಂಡದ್ದು ಕಂಡ ಹಾಗೇ ಇರಲಿ. ನಿನಗೆ ಇಷ್ಟವಾದ ವಾದಕ್ಕೆ ವಿರುದ್ಧವಾದ ಉತ್ತರ ಹಳ್ಳಿಯಲ್ಲಿ ಸಿಕ್ಕರೆ ಅದನ್ನೂ ಬರೆ.

ವಿಷಯ ಇನ್ನೂ ಗಟ್ಟಿಯಾಗಿಲ್ಲ ಅಂದಿದ್ದೀಯ. ಒಂದು ಸೂಚಿಸಲಾ? 2023ರ ಜೂನಿನಿಂದ ನಮ್ಮ ಹೆಂಗಸರು ಸರ್ಕಾರಿ ಬಸ್ಸಿನಲ್ಲಿ ಉಚಿತವಾಗಿ ಓಡಾಡುತ್ತಿದ್ದಾರೆ. ಕಂಡಕ್ಟರ್ ಕೊಡುವ ಶೂನ್ಯ ದರದ ಟಿಕೆಟ್ಟುಗಳ ಲೆಕ್ಕ ನಿಗಮಗಳ ಹತ್ತಿರ ದಿನದಿನದ್ದೂ ಇದೆ. ಆ ಟಿಕೆಟ್ ಹಿಡಿದವಳು ಎಲ್ಲಿಗೆ ಹೋದಳು, ದೂರದ ಊರಿನಲ್ಲಿ ಹೆಚ್ಚು ಕೂಲಿ ಸಿಕ್ಕಿತೇ, ಬಿಟ್ಟಿದ್ದ ಆಸ್ಪತ್ರೆ ಚಿಕಿತ್ಸೆ ಮುಂದುವರಿಸಿದಳೇ, ತವರಿಗೆ ಹೋಗಲು ಗಂಡನ ಹತ್ತಿರ ದುಡ್ಡು ಕೇಳುವುದು ತಪ್ಪಿತೇ ಎಂದು ಟಿಕೆಟ್ ಯಂತ್ರ ಹೇಳುವುದಿಲ್ಲ. ಬಸ್ಸೇ ಬಾರದ ಹಳ್ಳಿಯ ಹೆಂಗಸಂತೂ ಆ ಲೆಕ್ಕದಲ್ಲೇ ಇಲ್ಲ. ಹೊಗಳುವವರೂ ತೆಗಳುವವರೂ ತಮಗೆ ತೋಚಿದ್ದು ಹೇಳುತ್ತಿದ್ದಾರೆ. ನಿಮ್ಮ ತಾಲ್ಲೂಕಿನ ಬಸ್ ಸ್ಟ್ಯಾಂಡಿನಲ್ಲಿ ಬೆಳಗಿನ ಮೊದಲ ಬಸ್ಸಿನ ಹೊತ್ತಿಗೆ ನಿಂತು, ಒಂದು ವರ್ಷ ಅವರನ್ನೇ ಕೇಳು.

ಪ್ರಬಂಧ ಮುಗಿದ ಮೇಲೆ ಅದರ ಸಾರವನ್ನು ಕನ್ನಡದಲ್ಲಿ ಬರೆದು, ಅಧಿಕಾರಿಗಳಿಗೆ ಕೊಡುವ ಮೊದಲು ನೀನು ಅಧ್ಯಯನ ಮಾಡಿದ ಊರುಗಳ ಗ್ರಾಮಸಭೆಯಲ್ಲಿ ಓದು. ನಿನಗೆ ಉತ್ತರ ಕೊಟ್ಟವರು ಅಲ್ಲಿರುತ್ತಾರೆ. ತಪ್ಪಿದ್ದರೆ ಅವರೇ ತಿದ್ದುತ್ತಾರೆ. ಒಂದು ಪ್ರತಿಯನ್ನು ಪಂಚಾಯಿತಿಯ ಗ್ರಂಥಾಲಯವಾದ ಅರಿವು ಕೇಂದ್ರದಲ್ಲಿ ಇಟ್ಟು ಬಾ.