ಅರಿವಳಿಕೆಯ ಮದ್ದು, ಬ್ಯಾಕ್ಟೀರಿಯ ಮತ್ತು ಉಷ್ಣತೆ

ಹಲ್ಲು ಕೀಳಿಸಿಕೊಂಡವರಿಗೆ ಸ್ಥಾನಿಕ ಅರಿವಳಿಕೆಯ ಪರಿಚಯವಿದ್ದೇ ಇರುತ್ತದೆ. ವೈದ್ಯರು ವಸಡಿಗೆ ಮದ್ದನ್ನು ಚುಚ್ಚಿದ ಕೆಲವು ನಿಮಿಷಗಳಲ್ಲಿ ಆ ಭಾಗವು ಮರಗಟ್ಟುತ್ತದೆ. 1943ರಲ್ಲಿ ಸ್ವೀಡನ್ನಿನ ರಸಾಯನವಿಜ್ಞಾನಿ ನಿಲ್ಸ್ ಲೋಫ್‌ಗ್ರೆನ್ ತಯಾರಿಸಿದ ಲಿಡೊಕೇನ್ ಇಂತಹ ಮದ್ದುಗಳಲ್ಲಿ ಹೆಸರಾದುದು. ನರಗಳನ್ನು ಸ್ತಬ್ಧಗೊಳಿಸುವ ಈ ದ್ರವ್ಯಗಳು ಸಾಕಷ್ಟು ಸಾಂದ್ರವಾಗಿದ್ದರೆ ಹಲವು ಬಗೆಯ ಬ್ಯಾಕ್ಟೀರಿಯಗಳನ್ನೂ ಕೊಲ್ಲಬಲ್ಲವು. ಅದಕ್ಕಿಂತ ಸ್ವಾರಸ್ಯವಾದ ಸಂಗತಿಯೆಂದರೆ, ಕೊಠಡಿಯ ಉಷ್ಣತೆಯಲ್ಲಿ ಮೆಲ್ಲನೆ ನಡೆಯುವ ಈ ಸಂಹಾರವು ದೇಹದ ಉಷ್ಣತೆಯಲ್ಲಿ ಚುರುಕಾಗುತ್ತದೆ.

ಭೌತವಿಜ್ಞಾನದ ವಿದ್ಯಾರ್ಥಿಗೆ ಇದು ಒಡನೆಯೇ ಸಂದೇಹವನ್ನು ಹುಟ್ಟಿಸಬೇಕು. ಕೊಠಡಿಯ ಉಷ್ಣತೆಯು 25 ಡಿಗ್ರಿ ಸೆಲ್ಸಿಯಸ್, ದೇಹದ್ದು 37 ಎನ್ನೋಣ. ನಿರಪೇಕ್ಷ ಮಾನದಲ್ಲಿ ಇವು ಸುಮಾರು 298 ಮತ್ತು 310 ಕೆಲ್ವಿನ್. ಏರಿಕೆ ನೂರಕ್ಕೆ ನಾಲ್ಕು ಮಾತ್ರ. ಅಣುಗಳ ಸರಾಸರಿ ಚಲನಶಕ್ತಿಯೂ ಅಷ್ಟೇ ಏರುತ್ತದೆ. ಇಷ್ಟು ಅಲ್ಪ ಕಾರಣದಿಂದ ಅಷ್ಟು ದೊಡ್ಡ ಪರಿಣಾಮವು ಹೇಗೆ ಸಾಧ್ಯ?

ಕ್ರಿಯೆಯ ವೇಗವನ್ನು ನಿರ್ಧರಿಸುವುದು ಸರಾಸರಿಯಲ್ಲ. ಶಕ್ತಿಯ ಒಂದು ತಡೆಗೋಡೆಯನ್ನು ದಾಟಬಲ್ಲ ಕೆಲವೇ ಅಣುಗಳು. ಸಂತೆಯಲ್ಲಿ ನೆರೆದವರೆಲ್ಲ ಒಂದೊಂದು ಅಂಗುಲ ಬೆಳೆದರೆ ಸರಾಸರಿ ಎತ್ತರ ಅಷ್ಟಾಗಿ ಬದಲಾಗದು. ಆರಡಿ ಮೀರಿದವರ ಸಂಖ್ಯೆ ಮಾತ್ರ ಬಹುವಾಗಿ ಹೆಚ್ಚುವುದು. ಸ್ವಾಂಟೆ ಅರ್ಹೇನಿಯಸ್ 1889ರಲ್ಲಿ ವಿವರಿಸಿದ ಸೂತ್ರದಲ್ಲಿ ತಡೆಗೋಡೆಯನ್ನು ಮೋಲಿಗೆ 50 ಕಿಲೊಜೌಲ್ ಎಂದು ಇಟ್ಟುಕೊಂಡು ನಾವು ಲೆಕ್ಕ ಹಾಕಿದರೆ, ಈ ಹನ್ನೆರಡು ಡಿಗ್ರಿಗಳಲ್ಲಿ ವೇಗವು ಸುಮಾರು 2.2 ಪಟ್ಟಾಗುತ್ತದೆ. ಬ್ಯಾಕ್ಟೀರಿಯದ ಸಾವು ಒಂದೇ ರಾಸಾಯನಿಕ ಕ್ರಿಯೆಯಲ್ಲವಾದುದರಿಂದ ಇದನ್ನು ನಿದರ್ಶನವೆಂದಷ್ಟೇ ತಿಳಿಯತಕ್ಕದ್ದು.

ಲಿಡೊಕೇನ್ ಅಣುಗಳು ನೀರಿನಲ್ಲಿ ಎರಡು ರೂಪಗಳಲ್ಲಿರುತ್ತವೆ: ವಿದ್ಯುದಾವೇಶವುಳ್ಳವು ಮತ್ತು ಇಲ್ಲದವು. ಆವೇಶವಿಲ್ಲದವು ಜಿಡ್ಡಿನಿಂದಾದ ಕೋಶಪೊರೆಯೊಳಗೆ ಸುಲಭವಾಗಿ ನುಸುಳುತ್ತವೆ. ದ್ರಾವಣದ ಆಮ್ಲತೆ ಬದಲಾಗದಿದ್ದರೆ, ಉಷ್ಣತೆ ಏರಿದಂತೆ ಇವುಗಳ ಪಾಲು ಹೆಚ್ಚುತ್ತದೆ. ಚಳಿಯಲ್ಲಿ ಗಟ್ಟಿಯಾದ ತುಪ್ಪವು ಬಿಸಿಲಿಗೆ ಸಡಿಲಗೊಳ್ಳುವಂತೆ ಪೊರೆಯೂ ಸಡಿಲವಾಗುತ್ತದೆ. ಅದು ಕೆಟ್ಟಾಗ ಜೀವಕೋಶದೊಳಗಿನ ಪದಾರ್ಥಗಳು ಹೊರಗೆ ಸೋರಿಹೋಗುತ್ತವೆ.

ಹಾಗೆಂದು ಈ ಮದ್ದನ್ನು ಬಿಸಿಮಾಡಿ ರೋಗಾಣುನಾಶಕವಾಗಿ ಬಳಸುವಂತಿಲ್ಲ. 37 ಡಿಗ್ರಿ ಬ್ಯಾಕ್ಟೀರಿಯಗಳಿಗೂ ಪ್ರಿಯವೇ! ಕರುಳಿನಲ್ಲಿ ವಾಸಿಸುವ ಇ. ಕೋಲೈ ಅನುಕೂಲ ಪರಿಸ್ಥಿತಿಯಲ್ಲಿ ಸುಮಾರು 20 ನಿಮಿಷಗಳಿಗೊಮ್ಮೆ ಇಮ್ಮಡಿಯಾಗುತ್ತದೆ. ಮದ್ದು ತೀರ ತೆಳುವಾಗಿದ್ದರೆ ಶಾಖದ ಲಾಭವೆಲ್ಲ ರೋಗಾಣುವಿಗೇ ಸಲ್ಲಬಹುದು.

ಇದಕ್ಕಿಂತ ಗಂಭೀರವಾದ ತೊಡಕು ರೋಗನಿದಾನದಲ್ಲಿದೆ. ಗಾಯದ ಕೀವನ್ನು ಪರೀಕ್ಷೆಗೆ ತೆಗೆಯುವ ಮುನ್ನ ಅಲ್ಲಿಗೆ ಅರಿವಳಿಕೆ ಸೇರಿತೆನ್ನಿ. ಸೀಸೆಯಲ್ಲಿ ತಣ್ಣಗಿದ್ದ ಮದ್ದು ಅಂಗಾಂಶದಲ್ಲಿ ಬೆಚ್ಚಗಾಗುತ್ತದೆ. ಮಾದರಿಯಲ್ಲಿ ಬಂದ ಬ್ಯಾಕ್ಟೀರಿಯಗಳು ಸಾಯಬಹುದು. ಪ್ರಯೋಗಶಾಲೆಯಲ್ಲಿ ಏನೂ ಬೆಳೆಯುವುದಿಲ್ಲ. ಆಳದಲ್ಲಿ ಸೋಂಕು ಉಳಿದಿರುವಾಗಲೇ ‘ರೋಗಾಣುವಿಲ್ಲ’ ಎಂಬ ವರದಿ ಬಂದೀತು. ಆದುದರಿಂದ ಸಾಧ್ಯವಿರುವೆಡೆ ಮಾದರಿಯನ್ನು ಮೊದಲು ತೆಗೆದುಕೊಂಡು, ಆಮೇಲೆ ಆ ಜಾಗಕ್ಕೆ ಮದ್ದು ಹಾಕುವುದು ಯುಕ್ತ.